ಗುಣಮುಖನಾದ ತಮ್ಮನ ಸಾವಿನ ಬಗ್ಗೆ

ಮಾನ್ಯ ಮುಖ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಪ್ರಕಾರ ಸಂಪೂರ್ಣ ಗುಣಮುಖನಾಗಿದ್ದ ನನ್ನ ತಮ್ಮ ಕಳೆದ ತಿಂಗಳು ಆಸ್ತಮಾದಿಂದ ತೀರಿಕೊಂಡ. ಗುಣವಾದ ಕಾಯಿಲೆಯಿಂದ ಮನುಷ್ಯ ಸಾಯುವುದು ಹೇಗೆ ಎಂದು ನಿಮ್ಮ ಕಚೇರಿಗೇ ಬಂದು ಕೇಳಿದೆ. ಉತ್ತರ ಸಿಗಲಿಲ್ಲ. ಆದ್ದರಿಂದ ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ.

ಅವನು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನು. ಹಿಟ್ಟಿನ ಧೂಳು ಕುಡಿದೂ ಕುಡಿದೂ ಎದೆ ಕೆಡಿಸಿಕೊಂಡ. ಮೊಮ್ಮಕ್ಕಳನ್ನು ಕಂಡ ಮೇಲೂ ನನಗೆ ಅವನು ಪುಟ್ಟನೇ. ಹೆಂಡತಿ ಹೋದ ಮೇಲೆ ಮೇಲಿನ ಮಹಡಿಯ ನನ್ನ ಮನೆಗೆ ಬಂದು ನೆಲೆಸಿದ. ಮೆಟ್ಟಿಲು ಹತ್ತಿ ಬಂದವನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಿದ್ದ. ಒಂದು ಮಾತನ್ನು ತುಂಡು ತುಂಡಾಗಿ ಆಡುತ್ತಿದ್ದ. ಅವನ ಜತೆ ನೆಟ್ಟಗೆ ಜಗಳವಾಡುವುದಕ್ಕೂ ಆಗುತ್ತಿರಲಿಲ್ಲ. ಜಗಳ ಅರ್ಧಕ್ಕೆ ಬರುವಷ್ಟರಲ್ಲಿ ಅವನಿಗೆ ದಮ್ಮು ಕಟ್ಟುತ್ತಿತ್ತು. ನಾನೇ ಸೋತು ನೀರು ತಂದುಕೊಡುತ್ತಿದ್ದೆ.

ಆಗ ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಆಸ್ತಮಾ ಇರುವ ಹಿರಿಯರಿಗೆ ಉಸಿರಾಟದ ವ್ಯಾಯಾಮ ಶುರುವಾಯಿತು. ನೀವು ಮಾಡಿದ ಒಳ್ಳೆಯ ಕೆಲಸವದು, ಮುಚ್ಚಿಡುವುದಿಲ್ಲ. ಹೇಳಿಕೊಡಲು ಬಂದ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು. ಪುಟ್ಟ ಮೊದಲು ಮೂಗು ಮುರಿದ. “ಹುಟ್ಟಿದಾಗಿನಿಂದ ಉಸಿರಾಡ್ತಾನೇ ಇದೀನಲ್ಲಕ್ಕಾ, ಈ ವಯಸ್ಸಲ್ಲಿ ಅದನ್ನೂ ಹೇಳಿಸ್ಕೋಬೇಕಾ?” ಎಂದ. ನಾನು ಬಿಡಲಿಲ್ಲ, ಹೊರಡಿಸಿಕೊಂಡು ಹೋದೆ.

ಕುರ್ಚಿಯಲ್ಲಿ ಭುಜ ಸಡಿಲ ಬಿಟ್ಟು ಕೂರಬೇಕು. ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನಿಂದ ಉಸಿರನ್ನು ಮೆಲ್ಲಗೆ ಎಳೆದುಕೊಳ್ಳಬೇಕು. ಸೀಟಿ ಹೊಡೆಯುವವರಂತೆ ತುಟಿ ಮಾಡಿ, ಎಳೆದುದಕ್ಕಿಂತ ನಿಧಾನವಾಗಿ ಬಿಡಬೇಕು. ಇಷ್ಟೇ. ಪುಟ್ಟ ಇದನ್ನು ಹಟ ಹಿಡಿದು ಕಲಿತ. ಕೆಲವು ತಿಂಗಳ ನಂತರ ಒಂದು ಸಂಜೆ ಮೆಟ್ಟಿಲು ಹತ್ತಿ ಬಂದವನು ಚೌಕಟ್ಟಿಗೆ ಕೈಯೂರದೆ, ಕೆಳಮನೆಯವರ ಮೇಲೆ ಒಂದು ಇಡೀ ಚಾಡಿಯನ್ನು ಎಲ್ಲೂ ನಿಲ್ಲಿಸದೆ ಹೇಳಿ ಮುಗಿಸಿದ. ಚಾಡಿ ಕೇಳಿ ನನಗೆ ಅಷ್ಟು ಸಂತೋಷವಾದದ್ದು ಅದೊಂದೇ ಸಲ.

ಟೀಚರ್ ಪ್ರತಿ ತರಗತಿಯಲ್ಲೂ ಕೇಳುತ್ತಿದ್ದರು: “ಎಲ್ಲರೂ ಪಂಪು ಎಳ್ಕೊಂಡು ಬಂದಿದೀರಾ? ಇದು ಪಂಪಿನ ಜೊತೆಗೆ ಮಾಡೋದು. ಅದರ ಬದಲಿಗಲ್ಲ.” ಪಂಪು ಎಂದರೆ ಬಾಯಲ್ಲಿಟ್ಟು ಔಷಧಿ ಎಳೆದುಕೊಳ್ಳುವ ಇನ್‌ಹೇಲರ್. ನಿಮಗೆ ತಿಳಿಯದಿರುವುದೇನಲ್ಲ.

ತಿಳಿದೂ ನೀವು ಆ ಆದೇಶ ಹೊರಡಿಸಿದಿರಿ. ವ್ಯಾಯಾಮದ ಅಭ್ಯಾಸ ಪೂರೈಸಿ, ತಪಾಸಣೆಯಲ್ಲಿ ಸುಧಾರಣೆ ಕಂಡವರನ್ನು ಗುಣಮುಖರೆಂದು ಪರಿಗಣಿಸಿ, ಅವರಿಗೆ ಇನ್‌ಹೇಲರ್ ವಿತರಣೆ ನಿಲ್ಲಿಸತಕ್ಕದ್ದು. ಮಾನ್ಯರೇ, ನಾನು ಮುದ್ರಣಾಲಯದಲ್ಲಿ ಕರಡು ತಿದ್ದಿ ಬದುಕಿದವಳು. ಸುಧಾರಿಸುವುದು ಬೇರೆ, ಗುಣವಾಗುವುದು ಬೇರೆ. ಊರುಗೋಲು ಹಿಡಿದು ಚೆನ್ನಾಗಿ ನಡೆಯುತ್ತಿರುವವನನ್ನು ಕಂಡು, ಇವನಿಗಿನ್ನು ಕೋಲು ಬೇಡ ಎಂದು ಕಿತ್ತುಕೊಳ್ಳುವ ಬುದ್ಧಿಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ವ್ಯಾಯಾಮಕ್ಕೆ ಖರ್ಚಿಲ್ಲ, ಔಷಧಿಗೆ ಖರ್ಚಿದೆ ಎಂಬುದರ ಹೊರತು ಬೇರೆ ಕಾರಣವಿದ್ದರೆ ದಯವಿಟ್ಟು ತಿಳಿಸಿ.

ಒಂದು ಸಮಾರಂಭ ಮಾಡಿ, ನೀವೇ ವೇದಿಕೆಯ ಮೇಲೆ ಪುಟ್ಟನ ಕೈಕುಲುಕಿ ಗುಣಮುಖನೆಂಬ ಪ್ರಮಾಣಪತ್ರ ಕೊಟ್ಟಿರಿ. ಜೀವನದಲ್ಲಿ ಯಾರೂ ಅವನನ್ನು ವೇದಿಕೆಗೆ ಕರೆದಿರಲಿಲ್ಲ. ಕೆಳಗಿಳಿದು ಬಂದಾಗ ಅವನ ಮುಖ ಅರಳಿತ್ತು. ದಾರಿಯಲ್ಲೇ ಹೇಳಿದೆ, “ಅವರು ಕೊಡದಿದ್ರೆ ಬೇಡ. ಅಂಗಡಿಯಲ್ಲಿ ತಗೊಳ್ಳೋಣ ಕಣೋ ಪುಟ್ಟಾ.”

“ಯಾಕಕ್ಕಾ? ಅಷ್ಟು ದೊಡ್ಡ ಡಾಕ್ಟರೇ ಮೊಹರು ಹಾಕಿ ಕೊಟ್ಟಿದಾರೆ. ಅವರಿಗಿಂತ ನಿನಗೆ ಹೆಚ್ಚು ಗೊತ್ತಾ?”

ಟೀಚರ್ ಕೂಡ ಮನೆಗೆ ಬಂದು ಹೇಳಿ ನೋಡಿದರು. ನಯವಾಗಿ ಕೇಳಿಸಿಕೊಂಡ, ಅವರನ್ನು ಬಾಗಿಲವರೆಗೆ ಕಳಿಸಿಕೊಟ್ಟ. ನಾನು ತಂದಿಟ್ಟ ಪಂಪನ್ನು ಅಂಗಡಿಗೆ ವಾಪಸು ಕೊಟ್ಟುಬಂದ. ವ್ಯಾಯಾಮವನ್ನು ಮಾತ್ರ ಮೊದಲಿಗಿಂತ ಶ್ರದ್ಧೆಯಿಂದ ಮಾಡಿದ. ಒಂದಷ್ಟು ವಾರ ಚೆನ್ನಾಗಿಯೇ ಇದ್ದ. ಆಮೇಲೆ ಕೆಮ್ಮು ಹತ್ತಿಕೊಂಡಿತು. ಹವೆ ಬದಲಾಗಿದೆ, ಅದಕ್ಕೇ ಎಂದ.

ಆ ದಿನ ಬೆಳಿಗ್ಗೆ ಪಕ್ಕದ ಮನೆಗೆ ಬಣ್ಣ ಹೊಡೆಯುತ್ತಿದ್ದರು. ವಾಸನೆ ಮೆಟ್ಟಿಲ ತುಂಬ ಕಟ್ಟಿಕೊಂಡಿತ್ತು. ಹಾಲು ತರಲು ಹೋದ ಪುಟ್ಟ ಬರಲಿಲ್ಲವೆಂದು ಇಳಿದು ನೋಡಿದರೆ, ತಿರುವಿನ ಮೆಟ್ಟಿಲ ಮೇಲೆ ಕೂತಿದ್ದ. ಭುಜ ಸಡಿಲ ಬಿಡಲು ನೋಡುತ್ತಿದ್ದ, ಆಗುತ್ತಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿತ್ತು. ತುಟಿಯನ್ನು ಸೀಟಿಯಂತೆ ಮಾಡಿಕೊಂಡಿದ್ದ. ನಾನು ಕೂಗಾಡಿದ್ದಕ್ಕೆ ಇನ್ನೊಂದು ಕೈಯೆತ್ತಿ, ಇರು, ಮಾಡುತ್ತಿದ್ದೇನೆ ಎಂಬಂತೆ ಸನ್ನೆ ಮಾಡಿದ. ಬಣ್ಣ ಹೊಡೆಯುವವರೇ ಅವನನ್ನು ಎತ್ತಿ ಆಟೋದಲ್ಲಿ ಕೂರಿಸಿದರು. ಆಸ್ಪತ್ರೆಯ ಗೇಟು ಕಾಣುವವರೆಗೂ ಅವನು ಟೀಚರ್ ಹೇಳಿಕೊಟ್ಟ ಹಾಗೆಯೇ ಉಸಿರು ಬಿಡಲು ಹೆಣಗಿದ. ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿಮ್ಮ ಕಚೇರಿಯಲ್ಲಿ ನಿಮ್ಮನ್ನು ಕಾಣಲು ಬಿಡಲಿಲ್ಲ. ಗುಮಾಸ್ತರೊಬ್ಬರು ಕೂರಿಸಿ ಸಮಾಧಾನ ಹೇಳಿದರು. “ಪಂಪು ನಿಲ್ಲಿಸಿ ಅಂತ ನಾವು ಯಾರಿಗೂ ಹೇಳಿಲ್ಲ ಅಮ್ಮಾ. ಕೊಡೋದನ್ನ ನಿಲ್ಲಿಸಿದೀವಿ, ಅಷ್ಟೇ.” ಕರಡು ತಿದ್ದಿದವಳಾಗಿ ಒಪ್ಪಿಕೊಳ್ಳುತ್ತೇನೆ, ಆ ವಾಕ್ಯದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಟೀಚರಿಗೆ ಮುಖ ತೋರಿಸಿ ಬರೋಣವೆಂದು ಮೊನ್ನೆ ಆ ಹಿಂದಿನ ಕೋಣೆಗೆ ಹೋಗಿದ್ದೆ. ಕುರ್ಚಿಗಳು ಬಹುಪಾಲು ಖಾಲಿ. ಜನ ಬರುವುದನ್ನು ಬಿಟ್ಟಿದ್ದಾರೆ. ಬಂದವರಲ್ಲೂ ನಿವೃತ್ತ ಬಸ್ ಕಂಡಕ್ಟರೊಬ್ಬರು ತಪಾಸಣೆಗೆ ಮೊದಲು ಹೊರಗೆ ನಿಂತು ಬೇಕೆಂದೇ ಕೆಮ್ಮಿ ಗಂಟಲು ಕೆರೆದುಕೊಳ್ಳುತ್ತಿದ್ದರು. ಏಕೆಂದು ಕೇಳಿದೆ. “ಚೆನ್ನಾಗಿದೀನಿ ಅಂತ ಬರೆದುಬಿಟ್ರೆ ನನ್ನ ಗತಿಯೇನಮ್ಮಾ?” ಎಂದರು. ಟೀಚರ್ ಪುಟ್ಟನ ಹೆಸರೆತ್ತಲಿಲ್ಲ. ಆದೇಶದ ವಿರುದ್ಧ ಬರೆದುದಕ್ಕೆ ತಮಗೆ ಬೇರೆ ಕಡೆ ವರ್ಗವಾಗಿದೆ ಎಂದಷ್ಟೇ ಹೇಳಿ, ನನ್ನ ಕೈ ಹಿಡಿದುಕೊಂಡು ಕೂತರು.

ಒಂದು ಒಳ್ಳೆಯ ವಿದ್ಯೆಯನ್ನು ಹೀಗೆ ಹಾಳು ಮಾಡಿದಿರಲ್ಲ, ಮಾನ್ಯರೇ. ಮುದುಕರು ತಮ್ಮ ಉಸಿರು ಸರಾಗವಾದೀತೆಂದು ಹೆದರುವ ಹಾಗೆ ಮಾಡಿದಿರಲ್ಲ. ನನಗೆ ನಿಮ್ಮ ಪರಿಹಾರ ಬೇಡ, ಸಂತಾಪ ಪತ್ರವೂ ಬೇಡ. ಆ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಟೀಚರನ್ನು ಆ ಕೋಣೆಯಲ್ಲೇ ಉಳಿಸಿ. ಬರುವವರಿಗೆ ವ್ಯಾಯಾಮವನ್ನೂ ಹೇಳಿಕೊಡಿ, ಪಂಪನ್ನೂ ಕೊಡಿ. ಮತ್ತು ಯಾರ ಕೈಗೆ ಆ ಪ್ರಮಾಣಪತ್ರ ಕೊಟ್ಟಿದ್ದೀರೋ ಅವರೆಲ್ಲರ ಮನೆಗೆ ನೀವೇ ಖುದ್ದಾಗಿ ಹೋಗಿ, ಅದರಲ್ಲಿ ಬರೆದದ್ದು ಸುಳ್ಳು ಎಂದು ಹೇಳಿ ಬನ್ನಿ. ನಮ್ಮ ಮಾತನ್ನು ಅವರು ನಂಬುವುದಿಲ್ಲ. ನಿಮ್ಮನ್ನು ಇನ್ನೂ ನಂಬುತ್ತಾರೆ.

ಇಂತಿ,
ಎದೆ ಗಟ್ಟಿಯಿರುವುದರಿಂದಲೇ ಇಷ್ಟುದ್ದ ದೂರಲು ಸಾಧ್ಯವಾದ
ಒಬ್ಬ ಅಕ್ಕ