ಮುದುಕಿ ಮಲಗಿರುವ ಜಾಗ

ಥೀಬೊರೋನ್
ಭಾನುವಾರ, 20 ಮೇ 2012

ಪ್ರೀತಿಯ ಬೋದಿಲ್,

ಹೊಟ್ಟೆ ಸರಿಯಿಲ್ಲ, ಊಟಕ್ಕೆ ಬರುವುದಿಲ್ಲ ಎಂದು ಬೆಳಿಗ್ಗೆ ಮೆಸೇಜ್ ಕಳಿಸಿದ್ದೆನಲ್ಲ, ಅದು ಸುಳ್ಳು. ಹೊಟ್ಟೆ ಚೆನ್ನಾಗಿಯೇ ಇದೆ. ನಿನ್ನ ಎದುರು ಕುಳಿತು ನೀನು ಬಡಿಸಿದ್ದನ್ನು ತಿನ್ನಲು ಇನ್ನು ನನ್ನಿಂದಾಗದು. ಕಾಗದ ಬರೆದು ನನಗೆ ಅಭ್ಯಾಸವಿಲ್ಲ. ಆದರೆ ಈ ಮಾತನ್ನು ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಎದ್ದು ಓಡುತ್ತೇನೆ. ನನ್ನ ಗುಣ ನಿನಗೆ ಗೊತ್ತು.

ಕಳೆದ ಭಾನುವಾರ ಮೈಕೆನ್ ತಟ್ಟೆಯಲ್ಲಿ ಆಲೂಗಡ್ಡೆ ಹಿಸುಕುತ್ತ, ಅಪ್ಪ ಯಾಕೆ ಆ ಮುಳುಗಿದ ಹಡಗಿನ ಹತ್ತಿರ ಹೋದ ಎಂದು ಕೇಳಿದಳು. ನಮ್ಮ ದೋಣಿ ಮುಳುಗಿದ್ದರ ತನಿಖೆಯ ವರದಿ ಬಂದು ಆಗ ಮೂರೇ ದಿನ. ನೀನು ತಲೆಯೆತ್ತದೆ ಹೇಳಿದೆ: "ಅವನಿಗೆ ನಮಗಿಂತ ಮೀನೇ ಹೆಚ್ಚಾಗಿತ್ತು, ಪುಟ್ಟಿ." ನಾನು ಬ್ರೆಡ್ ಕೊಯ್ಯುತ್ತಿದ್ದೆ. ನಿಲ್ಲಿಸುವುದೇ ಮರೆತುಹೋಯಿತು. "ಸಾಕೋ ಮಾರಾಯ, ಊರಿಗೆಲ್ಲ ಹಂಚ್ತೀಯಾ?" ಎಂದು ನೀನೇ ಚಾಕು ಕಿತ್ತುಕೊಂಡೆ. ಗೋಡೆಯ ಮೇಲೆ ಟೋರ್ಕಿಲ್ ಅಣ್ಣನ ಫೋಟೋ ಇದ್ದ ಕಡೆ ಬರೀ ಮೊಳೆ ಇತ್ತು.

ಬೋದಿಲ್, ಅಣ್ಣ ನಿನಗೆ ಕೊಟ್ಟ ಮಾತು ಮುರಿಯಲಿಲ್ಲ. ಅವನನ್ನು ಆ ಹಡಗಿನ ಮೇಲೆ ಕಳಿಸಿದ್ದು ನಾನು.

ಆ ಮಾತು ಕೊಟ್ಟ ದಿನ ನಾನೂ ಅಡುಗೆಮನೆಯಲ್ಲಿದ್ದೆ. ಬಲೆ ಎಲ್ಲೋ ಸಿಕ್ಕಿಕೊಂಡು, ದೋಣಿಯೊಳಗೆ ನೀರು ನುಗ್ಗಿ, ಅವನು ತೊಯ್ದು ತೊಪ್ಪೆಯಾಗಿ ಬಂದಿದ್ದ. ನೀನು ಒಣಬಟ್ಟೆ ಕೊಡುವ ಮೊದಲು ಅವನಿಂದ ಮಾತು ತೆಗೆದುಕೊಂಡೆ. ಮುಳುಗಿದ ಯಾವ ಹಡಗಿನಿಂದಲೂ ನೂರು ಮೀಟರಿಗಿಂತ ಹತ್ತಿರ ಬಲೆ ಎಳೆಯುವುದಿಲ್ಲ ಎಂದು. ಮೀನು ಅಂಥ ಕಡೆಯೇ ಗುಂಪುಗೂಡುತ್ತದೆ ಎಂಬುದು ನಿನಗೂ ಗೊತ್ತಿತ್ತು. "ತೊಂಬತ್ತೊಂಬತ್ತಾದ್ರೆ?" ಎಂದು ಅವನು ಚಳಿಗೆ ಹಲ್ಲು ಕಟಕಟಿಸುತ್ತಲೇ ಕೇಳಿದ. "ಊಟ ಇಲ್ಲ" ಎಂದೆ ನೀನು. ಅವನು ನಕ್ಕ, ಆದರೆ ಒಪ್ಪಿದ. ಅಂದಿನಿಂದ ಎರಡು ವರ್ಷ ನಾನು ಅವನ ಜೊತೆ ಸಮುದ್ರಕ್ಕೆ ಹೋಗಿದ್ದೇನೆ. ಪಕ್ಕದ ದೋಣಿಯವರು ಹತ್ತಿರ ಹೋಗಿ ತುಂಬಿಕೊಂಡು ಬರುವುದನ್ನು ನೋಡುತ್ತಲೇ ಅವನು ದೂರ ತಿರುಗಿಸುತ್ತಿದ್ದ. "ನಮ್ಮನೇಲಿ ಸರ್ಕಾರ ಬೇರೆ ಕಣೋ" ಎನ್ನುತ್ತಿದ್ದ.

ಇನ್ನು ನನ್ನ ಕೆಲಸ. ನಾನು ಶಾಲೆ ಬಿಟ್ಟಾಗ ಅವನು ಒಂದು ವಾರ ಮಾತಾಡಲಿಲ್ಲ. "ಓದಲ್ಲ, ಒಂದು ಕಡೆ ಕೂರಲ್ಲ, ಇವನನ್ನ ಏನು ಲಂಗರು ಮಾಡ್ಲಾ?" ಎಂದು ಅವನು ಕೇಳಿದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತ್ತು. ಆದ್ದರಿಂದ ದೋಣಿಗೆ ಉಪಗ್ರಹದಿಂದ ಜಾಗ ತೋರಿಸುವ ಹೊಸ ಪ್ಲಾಟರ್ ಬಂದಾಗ, ಅಪ್ಪನ ಪುಸ್ತಕದ ಗುರುತುಗಳನ್ನೆಲ್ಲ ಅದಕ್ಕೆ ತುಂಬುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಆ ಪುಸ್ತಕವನ್ನು ಅಪ್ಪ ಸಾಯುವ ತನಕ ಬೇರೆ ದೋಣಿಯವರಿಗೆ ತೋರಿಸಿದವರಲ್ಲ. ಯಾವ ನಕ್ಷೆಯಲ್ಲೂ ಇಲ್ಲದ ಬಂಡೆ, ಲಂಗರು, ಮುಳುಗಿದ ಹಡಗು, ಒಟ್ಟು ನಾನೂರ ಹನ್ನೆರಡು ಗುರುತು. ಪ್ರತಿಯೊಂದಕ್ಕೂ ಎರಡು ಅಂಕಿ: ಉತ್ತರಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು. ಎರಡು ವಾರ ಒಂದೇ ಕಡೆ ಕೂತು ತುಂಬಿದೆ. ಒಂದು ಅಂಕಿಯೂ ತಪ್ಪಿಲ್ಲ. ಮೂರು ಸಲ ಹೋಲಿಸಿ ನೋಡಿದ್ದೆ. ಟೋರ್ಕಿಲ್ ನನ್ನ ಬೆನ್ನಿಗೆ ಗುದ್ದಿ, "ಪರವಾಗಿಲ್ವೇ, ಲಂಗರಿಗೂ ತಲೆ ಇದೆ" ಎಂದ. ಆ ರಾತ್ರಿ ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಪುಸ್ತಕ ನಿನ್ನ ಬಳಿಯಿದೆ. ಅದರ ಒಳರಟ್ಟು ತೆರೆದು ನೋಡು. ಮೂಲೆಯಲ್ಲಿ ಅಪ್ಪನ ಕೈಬರಹ: "ಎಲ್ಲ ಅಂಕಿ 1950ರ ಯುರೋಪ್ ಅಳತೆಯವು." ನಾನು ಅದನ್ನು ಓದಿದ್ದೆ. ನಕ್ಷೆ ಅಚ್ಚಾದ ವರ್ಷವಿರಬೇಕು ಎಂದುಕೊಂಡು ಪುಟ ತಿರುಗಿಸಿದೆ.

ಅನುಮಾನ ಬರಲಿಲ್ಲವೆಂದು ಹೇಳಲಾರೆ. ಮೊದಲ ದಿನವೇ ನಮ್ಮ ಬಂದರಿನ ಬಾಯಿಗೆ ಅಪ್ಪ ಹಾಕಿದ್ದ ಗುರುತು ಪರದೆಯ ಮೇಲೆ ನೀರಿನಲ್ಲಿ ಬೀಳದೆ ಕಲ್ಲಿನ ಒಡ್ಡಿನ ಮೇಲೆ ಬಿತ್ತು. "ಅಪ್ಪ ಆವತ್ತು ಒಂದೆರಡು ಜಾಸ್ತಿ ಏರ್ಸಿದ್ರು ಕಾಣತ್ತೆ" ಎಂದು ಟೋರ್ಕಿಲ್ ನಕ್ಕ. ನಾನೂ ನಕ್ಕೆ. ಆದರೆ ಅಪ್ಪ ಅಂಕಿಯ ವಿಷಯದಲ್ಲಿ ಎಂಥವರೆಂದು ನನಗೆ ಗೊತ್ತಿತ್ತು. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ನನಗೆ ಗೊತ್ತಿಲ್ಲ ಎಂದಾಗುತ್ತಿತ್ತು. ಶಾಲೆ ಬಿಟ್ಟವನಿಗೆ ಆ ಎರಡು ಪದ ಬಹಳ ಕಷ್ಟ, ಬೋದಿಲ್.

ನವೆಂಬರ್ ಒಂಬತ್ತರಂದು, ಅಣ್ಣ ಮುಳುಗಿದ ದಿನ, ನಾನು ದೋಣಿಗೆ ಹೋಗಲಿಲ್ಲ. ಹಲ್ಲುನೋವು ಎಂದು ನಿನಗೆ ಹೇಳಿದ್ದೆ. ನಿಜವಾಗಿ ಲೆಮ್ವಿಗ್ ಪಟ್ಟಣಕ್ಕೆ ಹಳೆಯ ಬೈಕೊಂದನ್ನು ನೋಡಲು ಹೋಗಿದ್ದೆ. ಹತ್ತು ಗಂಟೆಗೆ ಅವನ ಫೋನ್ ಬಂತು. ಬೈಕ್ ಸ್ಟಾರ್ಟ್ ಆಗಿತ್ತು, ಆ ಸದ್ದಿನಲ್ಲಿ ಅರೆಮನಸ್ಸಿನಿಂದ ಕೇಳಿಸಿಕೊಂಡೆ. "ಆಸ್ಗರ್, ಇಲ್ಲಿ ಅಪ್ಪನ ಮುದುಕಿ ಇದಾಳಲ್ಲ, ಅವಳ ಗುರುತು ಸರಿಯಾಗಿ ಹಾಕಿದೀಯಾ? ಪಶ್ಚಿಮಕ್ಕೆ ನೂರು ಮೀಟರ್ ಬಿಟ್ಟು ಎಳೀತಾ ಇದೀನಿ" ಎಂದ. ಅಪ್ಪ ಆ ಹಳೆಯ ಹಡಗನ್ನು ಮುದುಕಿ ಎಂದೇ ಕರೆಯುತ್ತಿದ್ದರು. ನಾನು, "ನೂರಕ್ಕೆ ನೂರು ಸರಿ, ಎಳಿ" ಎಂದೆ. "ಸರಿ ಹಾಗಾದ್ರೆ, ಇವತ್ತು ಊಟ ಇದೆ" ಎಂದು ನಕ್ಕು ಫೋನ್ ಇಟ್ಟ.

ತನಿಖೆಯವರು ಆ ಕರೆಯ ಬಗ್ಗೆ ಕೇಳಿದಾಗ ಗಾಳಿಯ ವಿಷಯ ಮಾತಾಡಿದೆವು ಎಂದೆ. ಬಾಯಿಗೆ ಬಂದ ನಿಜವನ್ನೆಲ್ಲ ಹೇಳಿ ಊರಿನವರ ಹತ್ತಿರ ಬೈಸಿಕೊಳ್ಳುವವನು ನಾನು. ಆವತ್ತು ಬಾಯಿ ತಾನಾಗಿ ಸುಳ್ಳು ಹೇಳಿತು. ಆಮೇಲೆ ನಮ್ಮ ಬಂದರಿನ ಮುದುಕ ವಿಗ್ಗೊ ಸಾಕ್ಷಿ ಹೇಳಿದ: "ಅವರಪ್ಪನ ಪುಸ್ತಕದಲ್ಲಿ ಮುದುಕಿ ಇದಾಳೆ ಅಂತ ಇಡೀ ಬಂದರಿಗೆ ಗೊತ್ತು. ಗೊತ್ತಿದ್ದೂ ಹೋದ ಅಂದ್ರೆ ಆಸೆ, ಇನ್ನೇನು?" ವರದಿಯಲ್ಲಿ ಬರೆದಿರುವುದೂ ಅದೇ, ಸ್ವಲ್ಪ ದೊಡ್ಡ ಮಾತಿನಲ್ಲಿ.

ಜನವರಿಯಲ್ಲಿ ಸಮೀಕ್ಷೆಯ ಹಡಗು ನಮ್ಮ ದೋಣಿ ಮಲಗಿರುವ ಜಾಗದ ಅಂಕಿ ಕೊಟ್ಟಿತು. ಬಲೆ ಇನ್ನೂ ಮುದುಕಿಯ ಕಬ್ಬಿಣಕ್ಕೆ ಸುತ್ತಿಕೊಂಡಿದೆಯಂತೆ. ಪ್ಲಾಟರ್ ಮುಳುಗಿತು, ಆದರೆ ಗುರುತುಗಳ ಇನ್ನೊಂದು ಪ್ರತಿ ನನ್ನ ಬಳಿ ಒಂದು ಮೆಮೊರಿ ಕಾರ್ಡಿನಲ್ಲಿದೆ. ಹೋಲಿಸಿ ನೋಡಿದೆ. ನಾನು ತೋರಿಸಿದ ಮುದುಕಿಗೂ ನಿಜವಾದ ಮುದುಕಿಗೂ ನೂರಹತ್ತು ಮೀಟರ್ ಅಂತರ. ಅಂಕಿ ಮಾತ್ರ ಪುಸ್ತಕದಲ್ಲಿದ್ದದ್ದೇ.

ಫೆಬ್ರವರಿಯಲ್ಲಿ ಭೂಗೋಳದ ಕಿರ್ಸ್ಟೆನ್ ಟೀಚರ್ ಮನೆಗೆ ಹೋದೆ. ಬಾಗಿಲು ತೆಗೆದು, "ಕ್ಲಾಸಿಗೆ ಮೂರು ವರ್ಷ ತಡವಾಗಿ ಬಂದಿದೀಯ. ಬೂಟು ಬಿಚ್ಚು, ಬಾ" ಎಂದರು. ಅಂಕಿಗಳು ತಪ್ಪಿಲ್ಲ, ಜಾಗ ಮಾತ್ರ ತಪ್ಪಿದೆ, ಅದು ಹೇಗೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಭೂಮಿ ದುಂಡಗಿದೆ, ಅದೂ ಸರಿಯಾದ ದುಂಡಲ್ಲ, ಸೊಟ್ಟ ಆಲೂಗಡ್ಡೆ. ಅದಕ್ಕೆ ಹೊಂದೋ ಹಾಗೆ ಒಂದು ಚೆಂಡನ್ನ ಊಹಿಸ್ಕೊಂಡು, ಅದರ ಮೇಲೆ ಗೆರೆ ಹಾಕಿ, ಆಮೇಲೆ ಚಪ್ಪಟೆ ಕಾಗದಕ್ಕೆ ಇಳಿಸ್ತಾರೆ. ಇಳಿಸುವಾಗ ಎಲ್ಲಾದ್ರೂ ಒಂದು ಕಡೆ ಎಳೆದು ಹಿಗ್ಗಿಸಲೇಬೇಕು, ಅದು ಎಲ್ಲರಿಗೂ ಗೊತ್ತಿರೋ ಸುಳ್ಳು. ಗೊತ್ತಿಲ್ಲದೆ ಕೊಲ್ಲೋದು ಆ ಚೆಂಡು. ಯುರೋಪಿನೋರು ಮೊದಲು, 1950ರಲ್ಲಿ, ತಮಗೊಪ್ಪೋ ಚೆಂಡು ಇಟ್ಕೊಂಡಿದ್ರು. ಉಪಗ್ರಹ ಬಂದ ಮೇಲೆ ಇಡೀ ಲೋಕಕ್ಕೆ ಬೇರೆ ಚೆಂಡು."

ನನಗೆ ಅರ್ಥವಾಗಲಿಲ್ಲ ಎಂದೆ. ಅವರು ಮೇಜಿನ ಚೌಕಳಿ ಬಟ್ಟೆಯ ಮೇಲೆ ಕಾಫಿ ಕಪ್ ಇಟ್ಟು, ಅಂಚಿನಿಂದ ಎಷ್ಟನೇ ಚೌಕ ಎಂದು ಎಣಿಸಲು ಹೇಳಿದರು. ಅಡ್ಡ ಐದು, ಉದ್ದ ಮೂರು. ಕಪ್ಪನ್ನು ಒಂದು ಕೈಯಲ್ಲಿ ಅಲ್ಲೇ ಹಿಡಿದು, ಇನ್ನೊಂದು ಕೈಯಿಂದ ಕೆಳಗಿನ ಬಟ್ಟೆಯನ್ನು ನಾಲ್ಕು ಬೆರಳಿನಷ್ಟು ಜಗ್ಗಿದರು. "ಈಗ ಅಡ್ಡ ಐದು, ಉದ್ದ ಮೂರು ಎಲ್ಲಿದೆ ತೋರ್ಸು." ನನ್ನ ಬೆರಳು ಬರೀ ಬಟ್ಟೆಯ ಮೇಲೆ ಬಿತ್ತು. ಕಪ್ ಪಕ್ಕದಲ್ಲಿತ್ತು.

ನಾನು ಬೆರಳನ್ನು ಎತ್ತಲಿಲ್ಲ. ಅವರು ನನ್ನ ಮುಖ ನೋಡಿ, "ಯಾರ ದೋಣಿ, ಆಸ್ಗರ್?" ಎಂದು ಕೇಳಿದರು.

ಆ ಪ್ಲಾಟರಿನಲ್ಲಿ ಯಾವ ಅಳತೆ ಎಂದು ಆರಿಸಲು ಒಂದು ಸಾಲು ಇತ್ತು. 1950 ಎಂದು ಆರಿಸಿ ತುಂಬಿದ್ದರೆ ನಾನೂರ ಹನ್ನೆರಡು ಗುರುತೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತಿದ್ದವು. ಅಣ್ಣ ಪರದೆಯ ಮೇಲೆ ನೂರು ಮೀಟರ್ ಬಿಟ್ಟೇ ಎಳೆದ, ಪಶ್ಚಿಮಕ್ಕೆ. ನಿಜವಾದ ಮುದುಕಿ ಇದ್ದದ್ದೂ ಆ ದಿಕ್ಕಿಗೇ. ನಿನಗೆ ಕೊಟ್ಟ ಮಾತನ್ನು ಅಳೆದು ನಡೆಸಿದ್ದಕ್ಕೇ ಅವನ ಬಲೆ ನೇರ ಅವಳ ಮೇಲೆ ಹೋಯಿತು. ಮಾತು ಮುರಿದು ಗುರುತಿನ ಮೇಲೆಯೇ ಹೋಗಿದ್ದರೆ ಈ ಭಾನುವಾರ ನಿನ್ನ ಮನೆಯಲ್ಲಿ ನಾಲ್ಕು ತಟ್ಟೆ ಇರುತ್ತಿತ್ತು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ಅಪ್ಪನೂ ಹೋದ ಮೇಲೆ ನನಗೆ ಮನೆ ಎಂದರೆ ನಿಮ್ಮದೊಂದೇ. ಹೇಳಿದರೆ ಅದೂ ಹೋಗುತ್ತದೆ. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದೆ, ಸಿಗಲಿಲ್ಲ. ಅಣ್ಣನ ಹೆಸರು ಕೆಡುವುದನ್ನು ಆರು ತಿಂಗಳು ನೋಡುತ್ತ ನಿನ್ನ ಕೈಯ ಊಟ ಮಾಡಿದೆ.

ನಾಳೆ ಆ ಕಾರ್ಡನ್ನು ತನಿಖೆಯವರಿಗೆ ಕೊಟ್ಟು, ಫೋನಿನಲ್ಲಿ ಏನು ಮಾತಾಡಿದೆವು ಎಂಬುದನ್ನು ಬರೆದುಕೊಡುತ್ತೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ನೀನು ನನ್ನನ್ನು ಕ್ಷಮಿಸಬೇಕೆಂದು ಕೇಳುತ್ತಿಲ್ಲ, ಅದಕ್ಕೆ ಮುಖವಿಲ್ಲ. ಮೈಕೆನ್‌ಗೆ ಮಾತ್ರ ಹೇಳು: ಅವಳಪ್ಪ ಅಮ್ಮನ ಮಾತನ್ನು ಮೀಟರ್ ಲೆಕ್ಕದಲ್ಲಿ ಪಾಲಿಸಿದ, ಅವಳ ಚಿಕ್ಕಪ್ಪ ಒಂದು ಸಾಲು ಸರಿಯಾಗಿ ಓದಲಿಲ್ಲ. ಹೀಗೇ ಹೇಳು. ಮೆತ್ತಗೆ ಮಾಡಬೇಡ.

ಬಲೆಮನೆಯ ಮೇಲಿನ ಕೋಣೆಯಲ್ಲೇ ಇದ್ದೇನೆ. ಎಲ್ಲಿಗೂ ಓಡುವುದಿಲ್ಲ.

ನಿನ್ನ ಗಂಡನ ತಮ್ಮ,
ಆಸ್ಗರ್

ತಾ.ಕ.: ಇದನ್ನು ಬರೆಯದೆ ಲಕೋಟೆ ಮುಚ್ಚಿಬಿಟ್ಟಿದ್ದೆ, ಮತ್ತೆ ಹರಿದೆ. ಏಪ್ರಿಲ್‌ನಲ್ಲಿ ಅವನ ಹುಟ್ಟಿದ ದಿನ ವಿಗ್ಗೊನ ದೋಣಿಯಲ್ಲಿ ಹೂ ಹಾಕಲು ಹೋದೆವಲ್ಲ, ಆಗ ನನಗೆ ಎಲ್ಲವೂ ಗೊತ್ತಿತ್ತು. ವಿಗ್ಗೊ ಜಾಗ ಕೇಳಿದಾಗ, ಅಪ್ಪನ ಪುಸ್ತಕ ನಿನ್ನ ಮಡಿಲಲ್ಲಿ ತೆರೆದಿತ್ತು. ಬೇರೆ ಅಂಕಿ ಹೇಳಿದರೆ ನೀನು ಯಾಕೆಂದು ಕೇಳುತ್ತೀಯ ಎಂದು ಹೆದರಿ, ಅದರಲ್ಲಿದ್ದದ್ದನ್ನೇ ಹೇಳಿದೆ. ನೀನೂ ಮೈಕೆನ್ನೂ ಬಗ್ಗಿ ಹೂ ಬಿಟ್ಟ ಕಡೆ ಕೆಳಗೆ ಬರೀ ಮರಳಿದೆ. ನಾನು ಟೋಪಿ ತೆಗೆದು ಪಕ್ಕದಲ್ಲಿ ನಿಂತಿದ್ದೆ. ಅವನು ಇರುವುದು ಇಲ್ಲಿ: ಉತ್ತರ 56 ಡಿಗ್ರಿ 38.412 ನಿಮಿಷ, ಪೂರ್ವ 7 ಡಿಗ್ರಿ 58.630 ನಿಮಿಷ. ಉಪಗ್ರಹದ ಹೊಸ ಅಳತೆ. ಕರೆದುಕೊಂಡು ಹೋಗುವವರಿಗೆ ಅಂಕಿಯ ಜೊತೆ ಅದನ್ನೂ ಹೇಳು.