ಖಾಲಿ ಉಳಿದ ಮೊದಲನೇ ನಂಬರು

ಹುಮನಾಬಾದ್
ಆಗಸ್ಟ್ 2006

ಪ್ರೀತಿಯ ಬಂದೇನವಾಜ್ ಭಾಯಿ,

ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀ. ಇಲ್ಲದಿದ್ದರೆ ಹೇಳುತ್ತೇನೆ: ಹುಮನಾಬಾದ್–ಬಸವಕಲ್ಯಾಣ ಬಸ್ಸಿನ ಕಂಡಕ್ಟರ್ ಮಹಾರುದ್ರಪ್ಪ. ಎಂಟು ವರ್ಷ ನಿನ್ನ ಹೊಲಿಗೆ ಅಂಗಡಿಯ ಎದುರಿಗೇ ದಿನಾ ಇಳಿದು, ಒಳಗೆ ಕಾಲಿಡದೆ ಹೋದವನು. ನಿನ್ನ ಹೈದರಾಬಾದಿನ ವಿಳಾಸವನ್ನು ನಿನ್ನ ಮಗಳು ಗಜಾಲಾ ಬರೆದುಕೊಟ್ಟಳು. ಹೇಗೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಕತೆಯನ್ನು ಬುಡದಿಂದ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಬುಡದಲ್ಲಿ ಇದ್ದದ್ದು ನಿನ್ನ ಅಂಗಡಿಯ ಆ ಕರಿ ಹಲಗೆ. ಮಧ್ಯಾಹ್ನ ಒಂದಕ್ಕೆ ನನ್ನ ಬಸ್ಸು ಬಸವಕಲ್ಯಾಣಕ್ಕೆ ಬಂದು ನಲವತ್ತು ನಿಮಿಷ ನಿಲ್ಲುತ್ತಿತ್ತು. ಆ ನಲವತ್ತು ನಿಮಿಷದಲ್ಲಿ ನಾವಿಬ್ಬರೂ ಲೋಕದ ಬ್ಯಾಟ್ಸ್‌ಮನ್ನರನ್ನೆಲ್ಲ ಹತ್ತಿಸಿ ಇಳಿಸುತ್ತಿದ್ದೆವು. ಹಲಗೆಯ ಮೇಲೆ ಹತ್ತು ಹೆಸರು, ನೀನು ಬಟ್ಟೆಗೆ ಗುರುತು ಹಾಕುವ ಬಳಪದಲ್ಲಿ. ವಿಶ್ವನಾಥ ನಾಲ್ಕಕ್ಕೋ ಐದಕ್ಕೋ ಎನ್ನುವುದರಲ್ಲೇ ಒಂದು ಬೇಸಿಗೆ ಕಳೆಯಿತು. ಬ್ರಾಡ್ಮನ್ನರ ಹೆಸರನ್ನು ನೀನು ಹಲಗೆಯ ಚೌಕಟ್ಟಿನ ಮೇಲೆ ಬರೆದೆ. “ಇವ್ರು ಪೀರ್ ಇದ್ದಂಗ, ಲೈನಿನ್ಯಾಗ ನಿಂದ್ರಸಬಾರ್ದು” ಎಂದೆ. ಮಂಠಾಳದ ಕಮಳಾಬಾಯಿ ಮಗನ ಮದುವೆ ಅಂಗಿಗಾಗಿ ಕಾದು ಕಾದು, “ನಿಮ್ಮ ಸನ್ನಿ ಗಾವಸ್ಕರ್ ಬಂದು ಗುಂಡಿ ಹಚ್ಚತಾನೇನ್ರಿ ಮಾಸ್ತರ?” ಎಂದು ಕೇಳಿದ್ದು ನೆನಪಿದೆಯೆ?

ನಮ್ಮದೊಂದು ಕಾಯಿದೆ ಇತ್ತು. ಹೆಸರು ಬದಲಾಗಬೇಕಾದರೆ ಗೆದ್ದವನು ಅಳಿಸಬೇಕು, ಸೋತವನು ತನ್ನ ಕೈಯಾರೆ ಹೊಸ ಹೆಸರು ಬರೆಯಬೇಕು. ಒಬ್ಬನೇ ಎರಡೂ ಮಾಡುವಂತಿಲ್ಲ. ನೀನು ಮಾಡಿದ ಕಾಯಿದೆ ಅದು. ಸೋತವನು ಬರೆದರೇ ಪಕ್ಕಾ ಎನ್ನುತ್ತಿದ್ದೆ.

ಮೊದಲನೇ ನಂಬರಿನಲ್ಲಿ ಐದು ವರ್ಷ ನಿನ್ನ ಗಾವಸ್ಕರ್ ಅಲ್ಲಾಡದೆ ಕೂತಿದ್ದ. “ತಲಿ ಮ್ಯಾಲ ಹೆಲ್ಮೆಟ್ ಇಲ್ಲ, ಎದುರಿಗೆ ವೆಸ್ಟ್ ಇಂಡೀಸಿನ ನಾಕ್ ಮಂದಿ ಫಾಸ್ಟ್ ಬೌಲರ್. ನಿಮ್ಮ ಹುಡುಗನ್ನ ನಿಂದ್ರಸು ನೋಡೋಣ” ಎನ್ನುತ್ತಿದ್ದೆ. ನಾನು ಸಚಿನ್ ಎನ್ನುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ತೊಂಬತ್ತೆಂಟರ ಏಪ್ರಿಲ್. ಶಾರ್ಜಾದಲ್ಲಿ ಮರಳುಗಾಳಿ ಎದ್ದು, ಸಚಿನ್ ಶತಕ ಬಾರಿಸಿದ ಪಂದ್ಯದ ಮರುದಿನ. ದಾರಿಯಲ್ಲಿ ರಾಜೇಶ್ವರ ಊರು ದಾಟುವಾಗಲೇ ನನ್ನ ಕೈ ತುರಿಸುತ್ತಿತ್ತು. ನಾನು ಬಂದಾಗ ನೀನು ನಮಾಜಿಗೆ ಹೋಗಿದ್ದೆ. ನನಗೆ ತಡೆಯಲಾಗಲಿಲ್ಲ. ಅಂಗೈಯಿಂದ ಗಾವಸ್ಕರನನ್ನು ಒರೆಸಿ, ಅದೇ ಕೈಯಿಂದ ಸಚಿನ್ ಎಂದು ದೊಡ್ಡದಾಗಿ ಬರೆದೆ. ನೀನು ಬಂದು ನಿಂತೆ, ಓದಿದೆ. “ನಿಮ್ಮ ಸನ್ನಿಗೆ ಪೆನ್ಷನ್ ಆತು ಭಾಯಿ” ಎಂದು ನಾನು ನಕ್ಕೆ. ನೀನು ನಗಲಿಲ್ಲ, ಬೈಯಲೂ ಇಲ್ಲ. “ನಿನ್ನ ಬಸ್ ಹಾರ್ನ್ ಹೊಡ್ಯಾಕತ್ತದ, ಹೋಗು” ಎಂದೆ. ಹಾರ್ನ್ ಆಗಿರಲೇ ಇಲ್ಲ.

ಮರುದಿನ ಹಲಗೆ ಗೋಡೆಗೆ ಮುಖ ಮಾಡಿತ್ತು. ಹೊರಗಿನಿಂದಲೇ ನೋಡಿ ಹಿಂದಿರುಗಿದೆ. ಒಂದು ವಾರ ಹೋಗಲಿ ಎಂದುಕೊಂಡೆ. ವಾರ ತಿಂಗಳಾದ ಮೇಲೆ ಯಾವ ಮುಖ ಹೊತ್ತು ಬರುವುದು? ಬಸ್ ಸ್ಟ್ಯಾಂಡಿನ ಆಚೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯತೊಡಗಿದೆ. ಕಲ್ಕತ್ತಾದಲ್ಲಿ ಲಕ್ಷ್ಮಣ–ದ್ರಾವಿಡ ಇಡೀ ದಿನ ಔಟಾಗದೆ ಆಡಿದರಲ್ಲ, ಆ ದಿನವೂ ಅಲ್ಲೇ ಕೂತಿದ್ದೆ. ದ್ರಾವಿಡನನ್ನು ಎಷ್ಟನೆಯವನು ಮಾಡೋಣ ಎಂದು ಬಾಯಿಗೆ ಬಂತು, ಎದುರಿಗೆ ಖಾಲಿ ಬೆಂಚು. ಬಸ್ಸಿನಲ್ಲಿ ವಾದ ಮಾಡುವವರು ಸಿಗುತ್ತಾರೆ ಭಾಯಿ, ಪೇಪರಿನ ಅಂಕಿ ಒಪ್ಪಿಸಿ ಇಳಿದು ಹೋಗುತ್ತಾರೆ. ಸೋತು ಬಳಪಕ್ಕೆ ಕೈ ಚಾಚುವವರು ಒಬ್ಬರೂ ಸಿಗಲಿಲ್ಲ. ನೀನು ಊರು ಬಿಟ್ಟ ಸುದ್ದಿಯೂ ಚಹಾದ ಹೋಟೆಲಿನಲ್ಲೇ ಸಿಕ್ಕಿತು. ಇಡೀ ಅಂಗಿ ಕತ್ತರಿಸುತ್ತಿದ್ದವನು ಹೈದರಾಬಾದಿನಲ್ಲಿ ತಮ್ಮನ ಕಾರ್ಖಾನೆಯಲ್ಲಿ ಬರೀ ಕಾಲರ್ ಹೊಲಿಯುತ್ತೀಯಂತೆ.

ಹೋದ ವಾರ ಬಸ್ಸಿನ ಬಾಗಿಲಿಗೆ ಸಿಕ್ಕಿ ಪ್ಯಾಂಟು ಹರಿಯಿತು. ಬೇರೆ ಅಂಗಡಿ ಮುಚ್ಚಿತ್ತು, ದಾರಿಯಿಲ್ಲದೆ ನಿನ್ನ ಅಂಗಡಿಯನ್ನೇ ಹೊಕ್ಕೆ. ಮಶಿನ್ ಮುಂದೆ ಗಜಾಲಾ ಇದ್ದಳು. ತಲೆಯೆತ್ತಿ, “ನೀವು ಸಚಿನ್ ಚಾಚಾ ಅಲ್ರಿ?” ಎಂದಳು. ಹೊಲಿಯುತ್ತಲೇ ಹೇಳಿದಳು: “ಶಾರ್ಜಾ ಮ್ಯಾಚಿನ ಮರುದಿನ ಅಬ್ಬಾ ಮುಂಜಾನೆ ಹೊಸಾ ಬಳಪ ತಗೊಂಡು ಮನಿಂದ ಹೊಂಟ್ರು. ಇವತ್ತ ನಾ ರುದ್ರಪ್ಪನ ಮುಂದ ಸೋಲತೀನಿ, ಸಚಿನ್ ಹೆಸರು ನಾನ ಬರೀತೀನಿ ಅಂದಿದ್ರು. ಅಮ್ಮಿ ನಕ್ಕಿದ್ರು.”

ನಾನು ಎದ್ದು ಹಲಗೆಯನ್ನು ತಿರುಗಿಸಿದೆ. ಎರಡರಿಂದ ಹತ್ತರವರೆಗೆ ಎಲ್ಲರೂ ಇದ್ದರು. ಒಂದರ ಮುಂದೆ ನನ್ನ ದೊಡ್ಡ ಅಕ್ಷರ ಇರಲಿಲ್ಲ, ಗಾವಸ್ಕರನೂ ಇರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ ಖಾಲಿ ಜಾಗ. “ಯಾರೂ ಬರೀಬ್ಯಾಡ್ರಿ ಅಂತ ಹೇಳಿ ಹೋಗ್ಯಾರ” ಎಂದಳು ಗಜಾಲಾ. ನಾನು ನಿನ್ನ ವಿಳಾಸ ಕೇಳಿದೆ, ನನ್ನ ಟಿಕೆಟ್ ಪುಸ್ತಕದ ಹಿಂದೆ ಬರೆದುಕೊಟ್ಟಳು.

ಭಾಯಿ, ನೀನು ಸಂತೋಷದಿಂದ ಸೋಲಲು ಬಂದ ದಿನವೇ ನಿನ್ನ ಕೈಯಿಂದ ಆ ಸೋಲನ್ನು ಕಸಿದುಕೊಂಡೆ. ಇನ್ನೊಂದು ಮಾತು. ಈ ಎಂಟು ವರ್ಷ ಒಬ್ಬನೇ ಕೂತು, ನಿನ್ನ ಪರವಾಗಿಯೂ ನಾನೇ ವಾದ ಮಾಡಿದ್ದೇನೆ. ಹೆಲ್ಮೆಟ್ ಇಲ್ಲದ ಆ ತಲೆಯ ಮಾತಿಗೆ ನನ್ನಲ್ಲಿ ಉತ್ತರ ಹುಟ್ಟಲಿಲ್ಲ. ಈಗ ಕೇಳಿದರೆ ನಾನು ಗಾವಸ್ಕರ್ ಎನ್ನುತ್ತೇನೆ. ನೀನು ಸಚಿನ್ ಎನ್ನುತ್ತೀ. ಇಬ್ಬರೂ ಸೋತಿದ್ದೇವೆ, ಅಳಿಸುವುದು ಏನೂ ಉಳಿದಿಲ್ಲ. ಬರೆಯುವವರು ಯಾರು? ಕಾಯಿದೆ ಮಾಡಿದವನು ನೀನು, ನೀನೇ ಬಂದು ಹೇಳಬೇಕು.

ಈಗ ಆ ನಲವತ್ತು ನಿಮಿಷ ನಿನ್ನ ಅಂಗಡಿಯಲ್ಲೇ ಕೂರುತ್ತೇನೆ. ಬಳಪ ಹಲಗೆಯ ಕೆಳಗಿದೆ. ನಾನು ಮುಟ್ಟಿಲ್ಲ.

ನಿನ್ನ ಕಣ್ಣಿನ ಬೆಳಕು ಕಡಿಮೆಯಾಗದಿರಲಿ, ಸೂಜಿಗೆ ದಾರ ಒಂದೇ ಸಲಕ್ಕೆ ಹೋಗಲಿ.

ಒಂದು ಗಂಟೆಯ ಬಸ್ಸಿನ,
ನಿನ್ನ ಮಹಾರುದ್ರಪ್ಪ