ತಂತಿಯ ಮೇಲಿನ ಅಂಗಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ, ಮೇಕಪ್ ರೂಮ್

ಹುಬ್ಬು ಮುಗಿಯಿತು. ಎಡದ್ದು ಬಲಕ್ಕಿಂತ ಒಂದೆಳೆ ಮೇಲೆ. ಕೆಟ್ಟವಳ ಹುಬ್ಬು ಹಾಗೇ ಇರಬೇಕಂತೆ. ಹಿಂದಿ ಸೀರಿಯಲ್ಲಿನ ದೊಡ್ಡತ್ತಿಗೆ ನಾನು, ಮನೆ ಮುರಿಯುವುದೇ ಉದ್ಯೋಗ. ಡೈಲಾಗೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತೇನೆ. ಎರಡು ವರ್ಷದಿಂದ ಯಾರೂ ಹಿಡಿದಿಲ್ಲ. ಹಿಡಿದರೂ ಬಾಯಿ ಬಿಟ್ಟಿಲ್ಲ.

ಶನಿವಾರದ ಎಪಿಸೋಡ್ ಮುಗಿದದ್ದೇ ಅಕ್ಕನ ಫೋನ್. ಸೀರಿಯಲ್ ಇರುವ ದಿನವೆಲ್ಲ ಹೀಗೇ, ರಿಪೋರ್ಟ್ ಕೊಡದೆ ಊಟಕ್ಕೆ ಕೂರುವವಳಲ್ಲ. ಹಿಂದಿ ಅವಳಿಗೆ ಅಷ್ಟಕ್ಕಷ್ಟೇ. ಹಿಂದೆ ಮ್ಯೂಸಿಕ್ ಢಂ ಅಂದರೆ ನಾನು ಏನೋ ಕಿತಾಪತಿ ಮಾಡಿದೆ ಅಂತ ತಿಳಿದುಕೊಳ್ಳುತ್ತಾಳೆ.

“ಪುಟ್ಟಿ, ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿದ್ಯಲ್ಲ, ಟೈಲರಮ್ಮ ನಿನ್ನ ಕೈ ಸೇದಿಹೋಗ ಅಂದ್ಬಿಟ್ಲು. ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಕೊಂಡ್ಲು.”

ಅಕ್ಕಪಕ್ಕದವರೆಲ್ಲ ಅಕ್ಕನ ಮನೆಯಲ್ಲೇ ಕೂತು ನೋಡುತ್ತಾರೆ. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ಅಕ್ಕ. ಈಗ ನಾನು ಟಿವಿಯಲ್ಲಿ ಬರುವುದೊಂದೇ ಅವಳ ಜಂಬ. ಇರಲಿ ಪಾಪ.

ಮಾರ್ಚ್ 5, ಬುಧವಾರ. ಊಟದ ಬ್ರೇಕ್

ಊಟ ಸೇರಲಿಲ್ಲ.

ಶನಿವಾರದ ಸೀನಿನ ಪೇಪರ್ ಬಂತು. ಹೊಸ ಟ್ರ್ಯಾಕ್. ಔಟ್‌ಹೌಸಿನಲ್ಲಿರುವ ಹೆಣ್ಣುಮಗಳು, ಅವಳೇ ಹೀರೋಯಿನ್, ಗಂಡ ವಿಮಾನ ಓಡಿಸುತ್ತಾನೆ, ದೂರದಲ್ಲಿದ್ದಾನೆ ಅಂತ ಎಲ್ಲರಿಗೂ ಹೇಳಿಕೊಂಡಿದ್ದಾಳೆ. ನಿಜದಲ್ಲಿ ಅವನು ಬಿಟ್ಟುಹೋಗಿ ವರ್ಷಗಳಾಗಿವೆ. ಜನ ನೋಡಲಿ ಅಂತ ಅವಳು ವಾರಕ್ಕೊಮ್ಮೆ ಗಂಡಸಿನ ಅಂಗಿ ಒಗೆದು ತಂತಿಗೆ ಹಾಕುತ್ತಾಳೆ. ನಾನು ಅದನ್ನು ಎಲ್ಲರೆದುರು ಕಿತ್ತು, ಈ ಅಂಗಿಯನ್ನು ಯಾವ ಗಂಡಸೂ ಹಾಕಿಲ್ಲ, ಕಾಲರಿನಲ್ಲಿ ಕೊಳೆಯೇ ಇಲ್ಲ ಎಂದು ನಗಬೇಕು.

ಇದು ಅಕ್ಕನ ಅಂಗಿ. ನೀಲಿ ಗೀಟು ಕೂಡ ಬಿಟ್ಟಿಲ್ಲ. ನಮ್ಮ ಭಾವ ಹಡಗಿನಲ್ಲಿದ್ದಾನೆ ಅನ್ನುತ್ತಾಳೆ ಅಕ್ಕ. ಹಡಗನ್ನು ವಿಮಾನ ಮಾಡಿದ್ದಾರೆ, ಅಷ್ಟೇ. ಸೀರಿಯಲ್ಲಿನವರಿಗೆ ಹಡಗು ಸಾಲದು.

ನಾನೇ ಹೇಳಿದ್ದು. ಬೇರೆ ಯಾರು ಹೇಳುತ್ತಾರೆ, ಗೊತ್ತಿರುವವಳು ನಾನೊಬ್ಬಳೇ. ಹೋದ ತಿಂಗಳು ಜನರೇಟರ್ ಕೆಟ್ಟು ಮಧ್ಯಾಹ್ನವೆಲ್ಲ ಸುಮ್ಮನೆ ಕೂತಿದ್ದೆವು. ಸೆಟ್ಟಿನಲ್ಲಿ ಕನ್ನಡದವನು ರೈಟರ್ ಒಬ್ಬನೇ. ನಮ್ಮ ಭಾಷೆ ಸಿಕ್ಕಿತು ಅಂತ ನಾಲಿಗೆ ಸಡಿಲವಾಯಿತು. ಅವನು ಟೀ ತಂದುಕೊಟ್ಟ, ಹೂಂ ಹೂಂ ಅಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು—ಅಮ್ಮ ಎಷ್ಟು ಸಲ ಹೇಳಿದ್ದಳು.

ಮಾರ್ಚ್ 6. ಬೆಳಿಗ್ಗೆ

ರೈಟರನ್ನು ವ್ಯಾನಿನ ಹಿಂದೆ ಹಿಡಿದೆ.

“ಅದು ನಮ್ಮಕ್ಕನ ವಿಷಯ ಕಣಪ್ಪ.”

“ಹೆಸರಿಲ್ಲ, ಊರಿಲ್ಲ ಮೇಡಂ. ಯಾರಿಗೆ ಗೊತ್ತಾಗುತ್ತೆ?”

“ಅವಳಿಗೆ ಗೊತ್ತಾಗುತ್ತೆ.”

ತಲೆ ಕೆರೆದುಕೊಂಡ. ಕೆಟ್ಟವನಲ್ಲ, ಅದೇ ಕಷ್ಟ. “ಚಾನೆಲ್‌ನವರು ಇಡೀ ಕಥೇಲಿ ಆ ಅಂಗಿ ಒಂದನ್ನೇ ಹೊಗಳಿದ್ದು ಮೇಡಂ. ಈಗ ತೆಗೀರಿ ಅಂದ್ರೆ ನನ್ನನ್ನೇ ತೆಗೀತಾರೆ.”

ಅಂಗಿ ಬೇಡ, ಚಪ್ಪಲಿ ಮಾಡು ಅಂದೆ. ಬಾಗಿಲಲ್ಲಿ ಗಂಡಸಿನ ಚಪ್ಪಲಿ. ಚಪ್ಪಲಿ ಗಾಳಿಗೆ ಹಾರಲ್ಲ ಮೇಡಂ ಅಂದ.

ನಾನೇ ಬಿಟ್ಟುಬಿಡಲೇ? ನಾಳೆಯೇ ಇನ್ನೊಬ್ಬಳು ಇದೇ ಹುಬ್ಬು ಬರೆಸಿಕೊಂಡು ಬಂದು ಅದೇ ಅಂಗಿ ಕೀಳುತ್ತಾಳೆ. ನೋಡುವ ಅಕ್ಕನಿಗೆ ಏನು ವ್ಯತ್ಯಾಸ?

ಮಾರ್ಚ್ 8, ಶನಿವಾರ. ಸಂಜೆ

ಆಯಿತು. ಸೀನ್ ಮುಂದಕ್ಕೆ ಹೋಗಲಿ ಅಂತ ಬೇಕೆಂದೇ ಡೈಲಾಗ್ ತಪ್ಪು ಹೇಳಿದೆ. ಒಮ್ಮೆ ಕಾಲು ಉಳುಕಿದ ನಾಟಕ ಆಡಿದೆ. ಡೈರೆಕ್ಟರ್ ಕುರ್ಚಿ ತರಿಸಿ ಕೂರಿಸಿದರು, ನೀರು ಕೊಡಿಸಿದರು, ಕಾದರು. ನಾಟಕದವಳ ನಾಟಕವನ್ನು ಯಾರೂ ಅನುಮಾನಿಸಲಿಲ್ಲ.

ಅಂಗಿ ಒದ್ದೆ ಇತ್ತು. ಕಿತ್ತಾಗ ಕ್ಲಿಪ್ಪು ಸಿಡಿದು ಕೆಳಗೆ ಬಿತ್ತು. ನನಗೆ ಅಳು ಬಂದುಬಿಟ್ಟಿತು. ಎದುರಿಗೆ ಹೀರೋಯಿನ್ನಿಗೆ ಗ್ಲಿಸರಿನ್ ಹಾಕಿದರೂ ಕಣ್ಣು ಒದ್ದೆಯಾಗುತ್ತಿಲ್ಲ, ಇಲ್ಲಿ ಕೆಟ್ಟವಳು ಗಳಗಳ. ಯೂನಿಟ್ಟೆಲ್ಲ ನಕ್ಕಿತು. ಮುಖ ಒರೆಸಿ ಮತ್ತೆ ಪೌಡರ್ ಹಾಕಿದರು. ನಗುವ ಶಾಟ್ ಬೇರೆ ತೆಗೆದರು.

ನಕ್ಕೆ. ಮೂರು ಕಡೆಯಿಂದ ತೆಗೆದರು, ಮೂರು ಸಲವೂ ಚೆನ್ನಾಗಿ ನಕ್ಕೆ.

ಮಾರ್ಚ್ 9, ಭಾನುವಾರ

ಹೇಳಿಬಿಡೋಣ ಅಂತ ಅಕ್ಕನ ಮನೆಗೆ ಹೋದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡೆ. ಗೇಟು ತೆಗೆದರೆ ಎದುರಿಗೇ ತಂತಿ. ಅವಳ ಎರಡು ಬಟ್ಟೆ, ಒಂದು ಟವೆಲ್, ನಡುವೆ ನೀಲಿ ಗೀಟಿನ ಅಂಗಿ.

ಭಾವ ಬಿಟ್ಟುಹೋದ ಹೊಸತರಲ್ಲಿ ನಾನೇ ಕೇಳಿದ್ದೆ, ಯಾಕೆ ಈ ಸುಳ್ಳು ಅಂತ. “ಬೈಸ್ಕೊಂಡು ಬದುಕಬಹುದು ಪುಟ್ಟಿ, ಪಾಪ ಅನ್ನಿಸ್ಕೊಂಡು ಬದುಕೋಕಾಗಲ್ಲ,” ಅಂದಿದ್ದಳು. ಅದನ್ನು ಮಾತ್ರ ರೈಟರನಿಗೆ ಹೇಳಲಿಲ್ಲ. ಪುಣ್ಯ.

“ಮುಖ ಯಾಕೆ ಇಳಿದಿದೆ? ಸರಿಯಾಗಿ ಊಟ ಹಾಕಲ್ವಾ ಅಲ್ಲಿ?” ಅಂತ ಕೇಳಿದಳು. ಹಾಕ್ತಾರೆ ಅಂದೆ. ಹೇಳಲು ಬಾಯಿ ತೆರೆದೆ, ಆಕಳಿಕೆ ಬಂತು. ಜೋಡಿಸಿದ ಮಾತನ್ನೆಲ್ಲ ವಾಪಸು ಹೊತ್ತುಕೊಂಡು ಬಂದೆ. ಹೇಡಿ ನಾನು.

ಮಾರ್ಚ್ 12

ಪ್ರೋಮೋ ಶುರು. ನನ್ನ ಕೈ, ಅಂಗಿ, ಢಂ. ಗಂಟೆಗೆ ನಾಲ್ಕು ಸಲ ಹಾಕುತ್ತಿದ್ದಾರೆ.

ಎಪಿಸೋಡ್ ಆದ ಮೇಲೆ ಅಕ್ಕನ ಫೋನ್ ಬಂತು. ನಿನ್ನ ಓಲೆ ದೊಡ್ಡದಾಯ್ತು, ಕಿವಿ ಜೋತುಬೀಳುತ್ತೆ ಅಂದಳು. ಪ್ರೋಮೋ ನೋಡಿದೆಯಾ ಅಂತ ಕೇಳಲು ಧೈರ್ಯವಿಲ್ಲ. ಆಮೇಲೆ “ಇಡ್ಲಾ?” ಅಂದಳು. ಇಡಲಾ ಅಂತ ಅವಳು ಎಂದೂ ಕೇಳಿದವಳಲ್ಲ. ಪಟ್ಟಂತ ಇಟ್ಟುಬಿಡುವವಳು.

ಗೊತ್ತಾಗಿದೆ. ಇಲ್ಲ, ಗೊತ್ತಾಗಿಲ್ಲ. ಗೊತ್ತಾಗಿದೆ.

ಮಾರ್ಚ್ 14, ಶುಕ್ರವಾರ. ಅಕ್ಕನ ಮನೆಯಿಂದ ಬರುವಾಗ, ಬಸ್ಸಿನಲ್ಲಿ

ಇವತ್ತು ಅಂಗಿಯ ಎಪಿಸೋಡ್. ಅಷ್ಟು ಜನರ ನಡುವೆ ಅಕ್ಕ ಒಂಟಿಯಾಗಿ ನೋಡುವುದು ಬೇಡ ಅಂತ ರಜೆ ಹಾಕಿ ಹೋಗಿದ್ದೆ. ಟೈಲರಮ್ಮ, ಮಹಡಿ ಮನೆ ಟೀಚರ್, ಟೀಚರ ಯಜಮಾನರು, ಎಲ್ಲ ಆಗಲೇ ಕೂತಿದ್ದರು. ನನ್ನನ್ನು ಟಿವಿ ಪಕ್ಕಕ್ಕೇ ಕೂರಿಸಿದರು. ಎದ್ದು ಓಡಲೂ ದಾರಿಯಿಲ್ಲ.

ಸೀನ್ ಬಂತು. ನಾನು ಅಂಗಿ ಕಿತ್ತೆ. ಕಾಲರ್ ತೋರಿಸಿದೆ. ನಕ್ಕೆ. ಈ ಸಲ ಒಬ್ಬರೂ ನನಗೆ ಶಾಪ ಹಾಕಲಿಲ್ಲ. ಟೀಚರ ಯಜಮಾನರು ಚಾವಣಿ ನೋಡುತ್ತ ಕೂತರು.

ಅಕ್ಕ ಎದ್ದಳು. “ಮಂಜು ಬೀಳುತ್ತೆ, ಬಟ್ಟೆ ತೆಗೀಬೇಕು,” ಅಂದಳು. ಹೊರಗೆ ಹೋಗಿ ಬಟ್ಟೆಯನ್ನೆಲ್ಲ ತೋಳ ಮೇಲೆ ಹಾಕಿಕೊಂಡು ಬಂದು ಅಲ್ಲೇ, ಎಲ್ಲರ ನಡುವೆ ಕೂತು, ಮಡಿಸತೊಡಗಿದಳು. ಟವೆಲ್. ಅವಳ ಬಟ್ಟೆ. ಆಮೇಲೆ ನೀಲಿ ಗೀಟಿನ ಅಂಗಿ. ಅದನ್ನು ತೊಡೆಯ ಮೇಲೆ ಹರಡಿದಳು.

ಟೈಲರಮ್ಮ ಸರಿದು ಬಂದು ಒಂದು ತೋಳು ಹಿಡಿದರು. ಇಬ್ಬರೂ ಸೇರಿ ಮಡಿಸಿದರು. “ಕಾಲರ್ ಸವೆದಿದೆ ಅಕ್ಕ, ನಾಳೆ ಕೊಡಿ. ಹೋದ ಸಲ ಮಾಡಿದ ಹಾಗೆ ತಿರುಗಿಸಿ ಹೊಲಿದುಕೊಡ್ತೀನಿ,” ಅಂದರು. ಟೀಚರ್ ವಾಲ್ಯೂಮ್ ಕಡಿಮೆ ಮಾಡಿದರು.

ಇವರಿಗೆಲ್ಲ ಗೊತ್ತು. ಮೊದಲಿನಿಂದಲೂ ಗೊತ್ತು. ಗೊತ್ತಿದ್ದೂ ಹಡಗಿನ ಯೋಗಕ್ಷೇಮ ಕೇಳುತ್ತ ಬಂದಿದ್ದಾರೆ. ಒಬ್ಬರೂ ಬಾಯಿ ಬಿಟ್ಟಿಲ್ಲ. ಬಿಟ್ಟವಳು ನಾನೊಬ್ಬಳು, ಒಡಹುಟ್ಟಿದವಳು.

ಅಕ್ಕ ಗೇಟಿನ ತನಕ ಬಂದಳು. ಬೈಯಲಿ ಅಂತ ಕಾದೆ.

“ನಗು ಚೆನ್ನಾಗಿ ಬಂದಿದೆ ಪುಟ್ಟಿ,” ಅಂದಳು. “ನಿನ್ನೊಬ್ಬಳನ್ನ ಬಿಟ್ಟು ನಾನು ಯಾರಿಗೂ ಹೇಳಿರಲಿಲ್ಲ.”

ಅಕ್ಕಾ ಅಂದೆ. ಚಿಲಕ ಹಾಕಿಕೊಂಡು ಒಳಗೆ ಹೋದಳು.

ಮಾರ್ಚ್ 24, ಸೋಮವಾರ

ಫೋನಿಲ್ಲ. ನಾನು ಮಾಡಿದರೆ ಟೀಚರ್ ಎತ್ತಿ, ಅವರು ಸ್ನಾನಕ್ಕೆ ಹೋಗಿದ್ದಾರೆ ಅನ್ನುತ್ತಾರೆ. ಎಷ್ಟು ಸ್ನಾನ.

ಎಪಿಸೋಡ್ ಮುಗಿದ ಮೇಲೆ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಓಲೆ ಚಿಕ್ಕದು ಹಾಕಿಸಿಕೊಂಡೆ, ನೋಡಿದಳೋ ಇಲ್ಲವೋ. ಸೆಟ್ಟಿನಲ್ಲಿ ಎಲ್ಲರಿಗೂ ಸ್ವೀಟು ಹಂಚಿದರು—ಅಂಗಿಯ ಎಪಿಸೋಡಿಗೆ ಟಿಆರ್‌ಪಿ ಏರಿದೆಯಂತೆ. ನನ್ನ ಪಾತ್ರ ಇನ್ನೂ ಮುಂದುವರಿಯುತ್ತದೆ.

ರೈಟರ್ ಪಕ್ಕಕ್ಕೆ ಬಂದು ಕೂತ. ಟೀ ತಂದಿದ್ದ.

“ಮೇಡಂ, ಆಮೇಲೆ ಅವರು ಏನು ಮಾಡಿದ್ರು? ಮುಂದಿನ ವಾರಕ್ಕೆ ಏನಾದ್ರೂ ಬೇಕು.”

“ನನಗೇನು ಗೊತ್ತು. ನನ್ನ ಹತ್ರ ಅವಳು ಏನೂ ಹೇಳಲ್ಲ.”

ಟೀ ಮುಟ್ಟಲಿಲ್ಲ.

ಮಾರ್ಚ್ 26, ಬುಧವಾರ. ಸಂಜೆ

ಫೋನ್ ಬಂತು. ಎತ್ತುವಾಗ ಕೈಯಿಂದ ಜಾರಿ, ಮಂಚದ ಕೆಳಗೆ ಹೋಗಿ, ನಾನೂ ತೂರಿ—ಅಲ್ಲೇ ಮಲಗಿಕೊಂಡು ಮಾತಾಡಿದೆ.

ಓಲೆ ಈಗ ಸರಿಯಾಗಿದೆ ಅಂದಳು. ಹೂಂ ಅಂದೆ.

“ಒಂದು ಮಾತು ಕೇಳ್ತೀನಿ. ಆ ಕಾಲರ್ ವಿಷಯ ನೀನು ಹೇಳಿದ್ದಾ?”

“ಇಲ್ಲ ಅಕ್ಕ, ನಿನ್ನಾಣೆ. ಅದು ಅವನೇ ಸೇರಿಸಿದ್ದು.”

“ಅಂದ್ಕೊಂಡೆ. ಅದು ತಪ್ಪು. ನಮ್ಮ ಅಂಗಿ ಕಾಲರ್ ಸವೆದಿತ್ತಲ್ಲ, ನೋಡ್ಲಿಲ್ವಾ ನೀನು?”

ನೋಡಿದ್ದೆ. ಯಾರೂ ಹಾಕದ ಅಂಗಿಯ ಕಾಲರ್ ಹೇಗೆ ಸವೆಯುತ್ತದೆ ಅಂತ ಅಂದಿನಿಂದ ಯೋಚಿಸುತ್ತಿದ್ದೇನೆ. ಕೇಳಲು ನನಗೆ ಯಾವ ಮುಖ?

ಟಿವಿ ಆರಿಸಿದ ಸದ್ದು. ಬಾಗಿಲು ಹಾಕಿ ಬಂದಳು.

ಆಮೇಲೆ ಹೇಳಿದಳು. ಯಾರಿಗೂ ಹೇಳಬೇಡ ಅಂತ ಕೂಡ ಅನ್ನಲಿಲ್ಲ. ಸುಮ್ಮನೆ ಹೇಳಿದಳು, ಚಿಕ್ಕಂದಿನಲ್ಲಿ ಜಡೆ ಹಾಕುತ್ತ ಹೇಳುತ್ತಿದ್ದ ಹಾಗೆ. ಬೆಳಿಗ್ಗೆ ಎದ್ದ ಕೂಡಲೇ, ಅಕ್ಕಪಕ್ಕದವರು ಏಳುವ ಮೊದಲು, ಆ ಅಂಗಿಯನ್ನು ಅವಳು—

ಬೇಡ. ಇಲ್ಲಿ ಬರೆಯುವುದೂ ಬೇಡ.